ಅಲಸಂದೆ ಕಾಳು, ಹ್ಯಾಮ್ ಮತ್ತು ಮೂರು ಬೇರೆ ಬೇರೆ ಸಮಯ: ಗೋವೆಯ ಮನೆಗಳಿಗೆ ಒಂದು ಮಾರ್ಗದರ್ಶಿ

ಅಲಸಂದೆ ಕಾಳನ್ನು ಹ್ಯಾಮ್ (ಉಪ್ಪಿನಲ್ಲಿ ಹದ ಮಾಡಿದ ಹಂದಿಯ ಕಾಲಿನ ಮಾಂಸ) ಜೊತೆ ಬೇಯಿಸಿದಾಗ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಸುರಿಯುವುದು. ಇನ್ನೊಂದು, ಹ್ಯಾಮ್‌ನಲ್ಲಿ ಉಪ್ಪಿದೆ ಎಂಬುದನ್ನು ಮರೆತು ಕಾಳಿಗೆ ಬೇರೆ ಉಪ್ಪು ಹಾಕುವುದು. ಎಲುಬಿರುವ, ಹೊಗೆ ಕೊಟ್ಟ ಹ್ಯಾಮ್ ಮೆತ್ತಗಾಗಲು ತೆರೆದ ಪಾತ್ರೆಯಲ್ಲಿ ಎರಡು ಗಂಟೆಗೂ ಮೇಲೆ ಬೇಕು. ನೆನೆದ ಅಲಸಂದೆಗೆ ಅರ್ಧದಿಂದ ಮುಕ್ಕಾಲು ಗಂಟೆ ಸಾಕು. ಪ್ಯಾಕೆಟ್ಟಿನ ಹ್ಯಾಮ್ ಹೋಳಿಗೆ ಐದು ನಿಮಿಷವೇ ಹೆಚ್ಚು. ಈ ಮೂರನ್ನೂ ಒಂದೇ ಸೀಟಿಗೆ ಒಪ್ಪಿಸಿದರೆ ಕಾಳು ಹಿಟ್ಟಾಗುತ್ತದೆ, ಎಲುಬಿನ ಮಾಂಸ ರಬ್ಬರಿನಂತೆ ಉಳಿಯುತ್ತದೆ, ಹೋಳು ಚೂರುಚೂರಾಗಿ ರುಚಿಯೆಲ್ಲ ನೀರಿಗಿಳಿಯುತ್ತದೆ. ಸಮಯವನ್ನು ಬೇರ್ಪಡಿಸಿಕೊಂಡರೆ ಇದರಷ್ಟು ಸುಲಭದ ಅಡುಗೆ ಕಡಿಮೆ.

ಅಲಸಂದೆ ಮೂಲತಃ ಆಫ್ರಿಕಾದ ಬೆಳೆ. ನಮ್ಮ ನೆಲದಲ್ಲೂ ಬಹಳ ಹಿಂದಿನಿಂದ ಇದೆ. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರ ಜೊತೆ ಅದು ಅಮೆರಿಕಕ್ಕೆ ಹೋಯಿತು. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಜನವರಿ 1ರಂದು ಹಂದಿಮಾಂಸದ ಜೊತೆ ಇದನ್ನು ಬೇಯಿಸಿ ತಿಂದರೆ ವರ್ಷ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಇಂದಿಗೂ ಇದೆ. ಧಾರವಾಡ, ಹಾವೇರಿ ಕಡೆಯಿಂದ ಬಂದು ವಾಸ್ಕೋ, ಮಡಗಾಂವ್‌ನಲ್ಲಿ ನೆಲೆಸಿದವರಿಗೆ ಕಾಳು ಹೊಸದಲ್ಲ. ಮಂಗಳೂರಿನ ಕ್ರೈಸ್ತರಿಗೆ, ಕೊಡಗಿನವರಿಗೆ ಹಂದಿಮಾಂಸ ಹೊಸದಲ್ಲ. ಎರಡನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸುವ ಕ್ರಮ ಮಾತ್ರ ಹೊಸದು.

ಕಾಳು ಕೊಳ್ಳುವಾಗ

ಗೋವೆಯ ಅಂಗಡಿಗಳಲ್ಲಿ ಎರಡು ಬಗೆ ಸಿಗುತ್ತವೆ. ಕಿರಾಣಿ ಅಂಗಡಿಯಲ್ಲಿ 'ಚವಳಿ' ಎಂದು ಕೇಳಿದರೆ ಬಿಳಿ ಮೈ, ಕಪ್ಪು ಕಣ್ಣಿನ ಸಣ್ಣ ಕಾಳು ಕೊಡುತ್ತಾರೆ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ, ಮಡಗಾಂವ್ ಮಾರುಕಟ್ಟೆಯಲ್ಲಿ ಹಳ್ಳಿ ಹೆಂಗಸರು ಮಾರುವ ಊರ 'ಅಳಸಾಂದೆ' ದಪ್ಪ, ತಿಳಿ ಕಂದು ಛಾಯೆಯದು. ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ತೇವದ ಮೇಲೆ ಬೆಳೆಯುವ ಕಾಳು ಇದು, ಆದ್ದರಿಂದ ಬೇಸಿಗೆಯ ಹೊತ್ತಿಗೆ ಹೊಸದು ಬರುತ್ತದೆ. ಹ್ಯಾಮ್ ಜೊತೆ ಬೇಯಿಸಲು ನಾವು ಊರ ಕಾಳನ್ನೇ ಮೆಚ್ಚುತ್ತೇವೆ. ಬೆಂದರೂ ಆಕಾರ ಬಿಡುವುದಿಲ್ಲ, ರಸ ದಟ್ಟವಾಗುತ್ತದೆ. ಸಣ್ಣ ಚವಳಿ ಬೇಗ ಬೇಯುತ್ತದೆ, ಹಾಗೆಯೇ ಬೇಗ ಒಡೆಯುತ್ತದೆ. ಮುಂಬೈ, ಪುಣೆಯಲ್ಲಿ ಸಿಗುವ ಕೆಂಪು ಚವಳಿಯಿಂದಲೂ ಮಾಡಬಹುದು, ರಸದ ಬಣ್ಣ ಮಾತ್ರ ಗಾಢವಾಗುತ್ತದೆ.

ಕಾಳಿನಲ್ಲಿ ದುಂಡನೆಯ ಸಣ್ಣ ತೂತು ಕಂಡರೆ ಒಳಗೆ ಹುಳ ತಿಂದು ಹೊರಬಿದ್ದಿದೆ ಎಂದರ್ಥ. ಬೆರಳೆಣಿಕೆಯಷ್ಟಿದ್ದರೆ ಆರಿಸಿ ತೆಗೆಯಬಹುದು, ಹಿಡಿಗಟ್ಟಲೆ ಇದ್ದರೆ ಆ ಕಾಳು ಬೇಡ. ಅದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಕರಾವಳಿಯ ಸೆಕೆ ಮತ್ತು ತೇವದಲ್ಲಿ ಒಂದು ಮಳೆಗಾಲ ಕಳೆದ ಕಾಳು ಒಳಗಿಂದಲೇ ಗಟ್ಟಿಯಾಗುತ್ತದೆ. ಎಷ್ಟು ಕುದಿಸಿದರೂ ನಡುವೆ ಸುಣ್ಣದಂತೆ ಒರಟು ಉಳಿಯುತ್ತದೆ. ಮನೆಯಲ್ಲಿಡುವ ಕಾಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಮಳೆಗಾಲದಲ್ಲಿ ಫ್ರಿಜ್‌ನಲ್ಲಿ ಇಡಿ. ಹುಳವೂ ಬರುವುದಿಲ್ಲ, ಗಡಸೂ ಆಗುವುದಿಲ್ಲ.

ಯಾವ ಹ್ಯಾಮ್?

ಈ ಅಡುಗೆಯ ಜೀವ ಇರುವುದು ಎಲುಬು ಮತ್ತು ಚರ್ಮದಲ್ಲಿ. ಹಂದಿಯ ಕಾಲಿನ ಕೆಳಭಾಗದ ಗಂಟನ್ನು ಉಪ್ಪಿನಲ್ಲಿ ನೆನೆಸಿ ಹೊಗೆ ಕೊಟ್ಟರೆ ಅದೇ ಸ್ಮೋಕ್ಡ್ ಹಾಕ್. ಅದರ ಚರ್ಮ ಮತ್ತು ನರಗಳಲ್ಲಿರುವ ಅಂಟು ನಿಧಾನವಾಗಿ ಕರಗಿ ರಸಕ್ಕೆ ಮೈ ಕೊಡುತ್ತದೆ. ಮಾಮೂಲಿ ಅಂಗಡಿಗಳಲ್ಲಿ ಇದು ಸಿಗುವುದು ಕಷ್ಟ. ಪಣಜಿ, ಮಡಗಾಂವ್, ಮಾಪುಸಾದ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ, ಮುಂಬೈಯಲ್ಲಾದರೆ ಬಾಂದ್ರಾ ಕಡೆ ಎರಡು ಮೂರು ದಿನ ಮುಂಚೆ ಹೇಳಿಟ್ಟರೆ ತರಿಸಿಕೊಡುವವರು ಇರುತ್ತಾರೆ. ಹ್ಯಾಮ್ ಕತ್ತರಿಸಿ ಮಾರುವ ಅಂಗಡಿಯಲ್ಲಿ ಉಳಿಯುವ ತುದಿ ತುಂಡುಗಳನ್ನು ಕೇಳಿ ನೋಡಿ. ಹೋಳಿನ ಬೆಲೆಗಿಂತ ಅಗ್ಗಕ್ಕೆ ಕೊಡುತ್ತಾರೆ, ಹೊಗೆಯ ಪರಿಮಳ ಹೆಚ್ಚಿರುವುದೂ ಆ ತುದಿಯಲ್ಲೇ.

ಎಲುಬಿನ ಹ್ಯಾಮ್ ಸಿಗದಿದ್ದರೆ ಹೀಗೆ ಮಾಡಿ: 300 ಗ್ರಾಂ ಹಸಿ ಹಂದಿ ಎಲುಬು ಅಥವಾ ಪಕ್ಕೆಲುಬಿನಿಂದ ರಸ ತೆಗೆಯಿರಿ, ಹೊಗೆಗೆ 50 ಗ್ರಾಂ ಸ್ಮೋಕ್ಡ್ ಬೇಕನ್ ಹಾಕಿ, ಕೊನೆಯಲ್ಲಿ 150 ಗ್ರಾಂ ಬೇಯಿಸಿದ ಹ್ಯಾಮ್ ಸೇರಿಸಿ. ಬರೀ ಹೋಳಿನ ಪ್ಯಾಕೆಟ್ ನಂಬಿ ಹೊರಟರೆ ರಸ ತೆಳ್ಳಗಾಗಿ ಸಪ್ಪೆ ಎನಿಸುತ್ತದೆ. ಚಿಕನ್ ಹ್ಯಾಮ್‌ನ ಕಥೆಯೂ ಇದೇ. ಅದನ್ನು ಬಳಸುವವರು ಕೋಳಿಯ ಎಲುಬಿನ ರಸ ಮಾಡಿಕೊಳ್ಳುವುದು ಒಳ್ಳೆಯದು.

ಪ್ಯಾಕೆಟ್ ಮೇಲೆ 'ಕುಕ್ಡ್' ಎಂದಿದ್ದರೆ ಅದು ಬೆಂದ ಮಾಂಸ. 'ಸ್ಮೋಕ್ಡ್' ಎಂದಷ್ಟೇ ಇದ್ದರೆ ಹಸಿ ಎಂದೇ ತಿಳಿದು ಪೂರ್ತಿ ಬೇಯಿಸಿ. ಬಣ್ಣ ನೋಡಿ ತೀರ್ಮಾನಿಸಬೇಡಿ. ಹ್ಯಾಮ್‌ಗೆ ಸೇರಿಸುವ ನೈಟ್ರೈಟ್‌ನಿಂದಾಗಿ ಪೂರ್ತಿ ಬೆಂದ ಮೇಲೂ ಅದು ಗುಲಾಬಿಯಾಗಿಯೇ ಇರುತ್ತದೆ. ಸಂತೆಯಿಂದ ಮನೆಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಇದ್ದರೆ ಐಸ್ ಹಾಕಿದ ಚೀಲ ಒಯ್ಯಿರಿ, ಹ್ಯಾಮ್ ಅನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಿರಿ.

ನಾಲ್ಕೈದು ಜನಕ್ಕೆ ಬೇಕಾದದ್ದು

ಅಲಸಂದೆ ಕಾಳು 250 ಗ್ರಾಂ. ಎಲುಬಿರುವ ಸ್ಮೋಕ್ಡ್ ಹಾಕ್ 400ರಿಂದ 500 ಗ್ರಾಂ, ಜೊತೆಗೆ ಬೇಯಿಸಿದ ಹ್ಯಾಮ್ 100 ಗ್ರಾಂ ಇದ್ದರೆ ಚೆನ್ನ. ಮಧ್ಯಮ ಗಾತ್ರದ ಈರುಳ್ಳಿ ಎರಡು, ಬೆಳ್ಳುಳ್ಳಿ ಆರೆಂಟು ಎಸಳು, ದೊಣ್ಣೆಮೆಣಸು ಅರ್ಧ, ಸೆಲರಿ ಸಿಕ್ಕರೆ ಒಂದು ದಂಟು. ಬ್ಯಾಡಗಿ ಮೆಣಸಿನಕಾಯಿ ಒಂದು, ಕುಟ್ಟಿದ ಕಾಳುಮೆಣಸು ಅರ್ಧ ಚಮಚ, ಒಣಗಿದ ಥೈಮ್ ಅರ್ಧ ಚಮಚ. ತೆಂಗಿನ ಕಳ್ಳಿನ ವಿನೆಗರ್ ಎರಡು ಚಮಚ. ನೀರು ಒಂದೂಮುಕ್ಕಾಲು ಲೀಟರ್. ಚಮಚ ಎಂದರೆ ಇಲ್ಲಿ 5 ಮಿಲಿಲೀಟರಿನ ಟೀ ಚಮಚ.

ವಿದೇಶಿ ಪಾಕವಿಧಾನಗಳಲ್ಲಿ ಬರುವ ಬೇ ಎಲೆಯ ಜಾಗಕ್ಕೆ ನಮ್ಮ ಪಲಾವ್ ಎಲೆ ಹಾಕಬೇಡಿ. ಎರಡೂ ಬೇರೆ ಮರದವು. ಪಲಾವ್ ಎಲೆ ದಾಲ್ಚಿನ್ನಿಯ ವಾಸನೆ ಬಿಡುತ್ತದೆ, ಹೊಗೆಯ ರುಚಿಗೆ ಅದು ಹೊಂದುವುದಿಲ್ಲ. ಎಲೆ ಇಲ್ಲದಿದ್ದರೂ ಏನೂ ಕೊರತೆಯಾಗದು.

ನೆನೆಸುವುದು

ಅಲಸಂದೆಯ ಸಿಪ್ಪೆ ತೆಳು, ರಾಜ್ಮಾದಂತೆ ರಾತ್ರಿಯಿಡೀ ನೆನೆಯಲೇಬೇಕೆಂದಿಲ್ಲ. ಆದರೂ ನೆನೆಸಿ. ಕಾಳು ಸಮನಾಗಿ ಬೇಯುತ್ತದೆ, ಹೊಟ್ಟೆಯಲ್ಲಿ ವಾಯು ತುಂಬಿಸುವ ಸಕ್ಕರೆಗಳಲ್ಲಿ ಒಂದಷ್ಟು ನೆನೆಸಿದ ನೀರಿನ ಜೊತೆ ಹೊರಹೋಗುತ್ತವೆ. ಸಣ್ಣ ಚವಳಿಗೆ ನಾಲ್ಕು ಗಂಟೆ, ಊರ ಕಾಳಿಗೆ ಆರರಿಂದ ಎಂಟು ಗಂಟೆ. ನೀರಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಕಾಳನ್ನು ಗಮನಿಸಿ: ಮೊದಲು ಸಿಪ್ಪೆ ಮಾತ್ರ ನೀರು ಕುಡಿದು ಸಡಿಲಾಗಿ ಸುಕ್ಕುಗಟ್ಟುತ್ತದೆ, ಒಳಗಿನ ಬೇಳೆ ಇನ್ನೂ ಒಣಗಿಯೇ ಇರುತ್ತದೆ. ಆಮೇಲೆ ಬೇಳೆ ಉಬ್ಬುತ್ತ ಬಂದು ಸುಕ್ಕು ಮಾಯವಾಗಿ ಮೈ ಬಿಗಿಯಾಗುತ್ತದೆ. ಸುಕ್ಕಿರುವಾಗಲೇ ಒಲೆಗೆ ಏರಿಸಿದರೆ ಸಿಪ್ಪೆ ಹರಿದು ಬೇರೆಯಾಗುತ್ತದೆ. ಅನುಮಾನವಿದ್ದರೆ ಒಂದು ಕಾಳನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಬಿಳಿಯ ಒಣ ಮಚ್ಚೆ ಇದ್ದರೆ ಇನ್ನೂ ಸಮಯ ಬೇಕು.

ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಹೊರಗೆ ಎಂಟು ಗಂಟೆ ಬಿಟ್ಟ ಕಾಳಿನ ನೀರು ನೊರೆಗಟ್ಟಿ ಹುಳಿ ವಾಸನೆ ಬರುತ್ತದೆ. ರಾತ್ರಿ ನೆನೆಸುವವರು ಪಾತ್ರೆಯನ್ನು ಫ್ರಿಜ್‌ನಲ್ಲಿಡಿ.

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಅದು ನಿಜವಲ್ಲ. ನೆನೆಸುವ ನೀರಿಗೆ ಲೀಟರಿಗೆ ಎರಡು ಚಮಚ ಉಪ್ಪು ಹಾಕಿದರೆ ಸಿಪ್ಪೆ ಇನ್ನಷ್ಟು ಮೃದುವಾಗುತ್ತದೆ. ಸಿಪ್ಪೆಯ ಜೀವಕೋಶಗಳನ್ನು ಬಿಗಿದಿಟ್ಟಿರುವ ಕ್ಯಾಲ್ಸಿಯಂ ಜಾಗಕ್ಕೆ ಉಪ್ಪಿನ ಸೋಡಿಯಂ ಬರುವುದೇ ಇದಕ್ಕೆ ಕಾರಣ. ಆ ನೀರನ್ನು ಚೆಲ್ಲಿ ಕಾಳನ್ನು ಎರಡು ಸಲ ತೊಳೆಯಿರಿ. ಬೇಯಿಸುವಾಗ ಉಪ್ಪು ಬೇಡ ಎನ್ನುವುದು ಕಾಳು ಬೇಯದು ಎಂದಲ್ಲ, ಹ್ಯಾಮ್ ಬಿಡುವ ಉಪ್ಪು ಎಷ್ಟೆಂದು ಮೊದಲೇ ತಿಳಿಯುವುದಿಲ್ಲ ಎಂದು. ನೂರು ಗ್ರಾಂ ಹ್ಯಾಮ್‌ನಲ್ಲಿ ಸಾಮಾನ್ಯವಾಗಿ ಎರಡೂವರೆ ಗ್ರಾಂ ಆಸುಪಾಸು ಉಪ್ಪು ಇರುತ್ತದೆ, ಒಣಗಿಸಿ ಕಟ್ಟಿದ ಬಗೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು.

ಗಡಸು ನೀರಿನ ವಿಷಯಕ್ಕೂ ಇದೇ ಕಾರಣ ಅನ್ವಯಿಸುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಆ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದೆ, ಕಾಳು ತಡವಾಗಿ ಬೇಯುತ್ತದೆ. ಕ್ಯಾಲ್ಸಿಯಂ ತೆಗೆಯುವ ಆರ್‌ಒ (RO) ಫಿಲ್ಟರಿನ ನೀರಿನಲ್ಲಿ ಬೇಯಿಸಿ. ಹಳೆಯ ಕಾಳಾದರೆ ನೆನೆಸುವ ನೀರಿಗೆ ಕಾಲು ಚಮಚ ಅಡುಗೆ ಸೋಡಾ ಹಾಕಬಹುದು. ಅದಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಕಾಳು ಲೋಳೆಯಾಗುತ್ತದೆ.

ಹ್ಯಾಮ್ ರಸ

ಸಾಧ್ಯವಾದರೆ ಇದನ್ನು ಹಿಂದಿನ ದಿನವೇ ಮಾಡಿಡಿ. ಹಾಕ್ ಅನ್ನು ತಣ್ಣೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿ ಎರಡು ಗಂಟೆ ಇಟ್ಟು ಆ ನೀರು ಚೆಲ್ಲಿ. ಮೇಲ್ಮೈಯ ಉಪ್ಪು ಅದರಲ್ಲೇ ಹೋಗುತ್ತದೆ. ನಂತರ ಐದು ಲೀಟರಿನ ಕುಕ್ಕರಿನಲ್ಲಿ ಹಾಕ್, ಸೀಳಿದ ಒಂದು ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, ಒಂದೂಮುಕ್ಕಾಲು ಲೀಟರ್ ನೀರು ಹಾಕಿ. ಮುಚ್ಚುವ ಮೊದಲು ಕುದಿ ಬರಿಸಿ, ಮೇಲೆ ಬಂದ ಬೂದು ನೊರೆಯನ್ನು ತೆಗೆಯಿರಿ. ಮೊದಲ ಸೀಟಿ ಬಂದ ಮೇಲೆ ಉರಿ ತೀರ ಸಣ್ಣ ಮಾಡಿ 35ರಿಂದ 40 ನಿಮಿಷ ಬಿಡಿ. ಇಲ್ಲಿ ಸೀಟಿ ಎಣಿಸುವುದರಿಂದ ಪ್ರಯೋಜನವಿಲ್ಲ, ಗಡಿಯಾರ ನೋಡಿ. ಪ್ರೆಶರ್ ತಾನಾಗಿ ಇಳಿಯಬೇಕು.

ಮಾಂಸ ಎಲುಬಿನಿಂದ ಚಮಚಕ್ಕೇ ಬಿಟ್ಟು ಬಂದರೆ ಆಯಿತು. ಎಳೆದಾಡಬೇಕಾದರೆ ಇನ್ನೂ ಹತ್ತು ನಿಮಿಷ ಕೊಡಿ. ಮಾಂಸ ಬಿಡಿಸಿ ಬೇರೆ ಇಡಿ, ಮೃದುವಾದ ಚರ್ಮವನ್ನು ಸಣ್ಣಗೆ ಹೆಚ್ಚಿ, ಎಲುಬು ಎಸೆಯಿರಿ, ರಸ ಸೋಸಿ. ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಬಿಳಿ ಕೊಬ್ಬು ಹೆಪ್ಪುಗಟ್ಟಿರುತ್ತದೆ, ಕೆಳಗಿನ ರಸ ಅಲುಗಾಡುವಷ್ಟು ಗಟ್ಟಿಯಾಗಿರುತ್ತದೆ. ಅದು ಕೆಟ್ಟಿಲ್ಲ, ಚರ್ಮದ ಅಂಟು ಚೆನ್ನಾಗಿ ಇಳಿದಿದೆ. ಕೊಬ್ಬಿನಲ್ಲಿ ಮೂರು ಚಮಚ ಮಾತ್ರ ಒಗ್ಗರಣೆಗೆ ಉಳಿಸಿಕೊಳ್ಳಿ.

ಈಗ ರಸವನ್ನು ಬಿಸಿ ಮಾಡಿ ಒಂದು ಚಮಚ ಆರಿಸಿ ನೆಕ್ಕಿ ನೋಡಿ. ಈ ಹಂತವನ್ನು ಬಿಡಲೇಬಾರದು. ಊಟಕ್ಕೆ ಬಡಿಸುವ ಸಾರಿನಷ್ಟು ಉಪ್ಪು ಆಗಲೇ ಇದ್ದರೆ ಅದು ಹೆಚ್ಚು, ಏಕೆಂದರೆ ಮುಂದೆ ಕುದಿದು ಬತ್ತುತ್ತದೆ, ಹ್ಯಾಮ್ ತುಂಡುಗಳೂ ಸೇರುತ್ತವೆ. ಅರ್ಧ ರಸ, ಅರ್ಧ ನೀರು ಮಾಡಿಕೊಳ್ಳಿ. ಉಳಿದ ರಸ ಫ್ರೀಜರಿಗೆ. ಉಪ್ಪು ಕಡಿಮೆ ಎನಿಸಿದರೆ ಹಾಗೆಯೇ ಬಿಡಿ, ಅದೇ ಸರಿಯಾದ ರಸ.

ಕಾಳು ಬೇಯಿಸುವುದು

ದಪ್ಪ ತಳದ ಅಗಲ ಪಾತ್ರೆಯಲ್ಲಿ ಉಳಿಸಿದ ಕೊಬ್ಬು ಕಾಯಿಸಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಸೆಲರಿ, ದೊಣ್ಣೆಮೆಣಸು ಹಾಕಿ ಮಧ್ಯಮ ಉರಿಯಲ್ಲಿ ಎಂಟು ಹತ್ತು ನಿಮಿಷ ಬಾಡಿಸಿ. ಈರುಳ್ಳಿ ಕೆಂಪಾಗುವುದು ಬೇಡ, ಮೆತ್ತಗಾದರೆ ಸಾಕು. ಜಜ್ಜಿದ ಬೆಳ್ಳುಳ್ಳಿ, ಮುರಿದ ಬ್ಯಾಡಗಿ, ಥೈಮ್ ಹಾಕಿ ಅರ್ಧ ನಿಮಿಷ ಕೈಯಾಡಿಸಿ. ಬಸಿದ ಕಾಳು ಸೇರಿಸಿ, ಕಾಳಿನ ಮೇಲೆ ಎರಡು ಬೆರಳಷ್ಟು ನಿಲ್ಲುವಂತೆ ರಸ ಸುರಿಯಿರಿ. ಒಂದೂಕಾಲು ಲೀಟರ್ ಆಗಬಹುದು.

ಒಮ್ಮೆ ಜೋರಾಗಿ ಐದು ನಿಮಿಷ ಕುದಿಸಿ, ಆಮೇಲೆ ಅಂಚಿನಲ್ಲಿ ಮಾತ್ರ ಗುಳ್ಳೆ ಏಳುವಷ್ಟು ಉರಿ ಇಳಿಸಿ. ಮುಚ್ಚಳ ಸ್ವಲ್ಪ ಓರೆ ಇರಲಿ. ಜೋರು ಕುದಿಯಲ್ಲಿ ಕಾಳು ಕಾಳಿಗೆ ಬಡಿದು ಸಿಪ್ಪೆ ಸುಲಿಯುತ್ತದೆ. ಸಣ್ಣ ಚವಳಿಗೆ 25 ನಿಮಿಷ, ಊರ ಕಾಳಿಗೆ 35ರಿಂದ 45 ನಿಮಿಷ. ಇಪ್ಪತ್ತನೇ ನಿಮಿಷದಿಂದಲೇ ನೋಡುತ್ತಿರಿ. ಒಂದು ಕಾಳು ಬೆಂದರೆ ಎಲ್ಲ ಬೆಂದಂತಲ್ಲ, ಬೇರೆ ಬೇರೆ ಕಡೆಯಿಂದ ಐದು ತೆಗೆದು ಹಿಸುಕಿ. ಐದೂ ಬೆಣ್ಣೆಯಂತೆ ನುಣುಪಾಗಬೇಕು. ನೀರು ಇಂಗಿದರೆ ಬಿಸಿ ನೀರು ಮಾತ್ರ ಹಾಕಿ.

ಗ್ಯಾಸ್ ಉಳಿಸಲು ಕಾಳನ್ನೂ ಕುಕ್ಕರಿನಲ್ಲಿ ಮಾಡುವವರು ನೆನೆದ ಚವಳಿಗೆ ಒಂದು ಸೀಟಿ, ಊರ ಕಾಳಿಗೆ ಎರಡು ಕೊಡಿ, ಪ್ರೆಶರ್ ತಾನಾಗಿ ಇಳಿಯಲಿ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಕಾಳಿನ ನೊರೆ ಉಕ್ಕಿ ಸೀಟಿಯ ರಂಧ್ರ ಕಟ್ಟಿಕೊಳ್ಳುವ ಅಪಾಯವಿದೆ. ನಮ್ಮ ಮಟ್ಟಿಗೆ ರಸವನ್ನು ಕುಕ್ಕರಿನಲ್ಲಿ, ಕಾಳನ್ನು ತೆರೆದ ಪಾತ್ರೆಯಲ್ಲಿ ಮಾಡುವುದೇ ಸರಿ.

ಕಾಳು ಬೆಂದ ಮೇಲೆ ಒಂದು ಸೌಟಿನಷ್ಟು ಪಾತ್ರೆಯ ಬದಿಗೆ ಒತ್ತಿ ಅರೆದು ಬೆರೆಸಿ. ರಸ ತಾನೇ ಕೂಡಿಕೊಳ್ಳುತ್ತದೆ, ಹಿಟ್ಟು ಸೇರಿಸುವ ಅಗತ್ಯವಿಲ್ಲ. ಬಿಡಿಸಿಟ್ಟ ಮಾಂಸ, ಹೆಚ್ಚಿದ ಚರ್ಮ ಹಾಕಿ ಹತ್ತು ನಿಮಿಷ, ಬೇಯಿಸಿದ ಹ್ಯಾಮ್ ತುಂಡು ಹಾಕಿ ಐದು ನಿಮಿಷ. ಕಾಳುಮೆಣಸು ಹಾಕಿ, ಉರಿ ಆರಿಸಿ ವಿನೆಗರ್ ಬೆರೆಸಿ. ಉಪ್ಪಿನ ತೀರ್ಮಾನ ಈಗ. ಇಪ್ಪತ್ತು ನಿಮಿಷ ಮುಚ್ಚಿಟ್ಟು ಬಡಿಸಿ.

ವಿನೆಗರ್ ಮೊದಲೇ ಹಾಕಿದರೆ ಅದರ ಹುಳಿ ಕಾಳಿನ ಸಿಪ್ಪೆಯನ್ನು ಗಟ್ಟಿ ಹಿಡಿಯುತ್ತದೆ. ಟೊಮೆಟೊ, ಕೋಕಂ, ಹುಣಸೆಹಣ್ಣಿಗೂ ಇದೇ ನಿಯಮ. ಸೊಪ್ಪು ಸೇರಿಸುವ ಮನಸ್ಸಿದ್ದರೆ ಎಲೆಕೋಸು ಅಥವಾ ಮೂಲಂಗಿ ಸೊಪ್ಪನ್ನು ಕೊನೆಯ ಹತ್ತು ನಿಮಿಷದಲ್ಲಿ ಹಾಕಿ. ಕೆಂಪು ಹರಿವೆ ಹಾಕಿದರೆ ಇಡೀ ಪಾತ್ರೆ ಕೆಂಪಾಗುತ್ತದೆ.

ಗೋವೆಯ ಶೊರೀಸ್ ಹಾಕುವುದಾದರೆ

ಹ್ಯಾಮ್ ಸಿಗದ ದಿನ ದಾರಕ್ಕೆ ಪೋಣಿಸಿ ಮಾರುವ ಶೊರೀಸ್, ಅಂದರೆ ಗೋವೆಯ ಹಂದಿಮಾಂಸದ ಸಾಸೇಜ್, ಕೈಗೆ ಸಿಗುತ್ತದೆ. ಗೋವೆಯವರು ಕಾಳಿನ ಜೊತೆ ಅದನ್ನು ಬೇಯಿಸುವುದು ಹೊಸದೇನಲ್ಲ. 250 ಗ್ರಾಂ ಕಾಳಿಗೆ 150 ಗ್ರಾಂ ಶೊರೀಸ್ ಸಾಕು. ಅದರಲ್ಲಿ ಉಪ್ಪು, ಖಾರ, ವಿನೆಗರ್ ಮೂರೂ ತುಂಬಿವೆ, ಆದ್ದರಿಂದ ಕಾಳನ್ನು ಬರೀ ನೀರಿನಲ್ಲಿ ಪೂರ್ತಿ ಬೇಯಿಸಿಕೊಂಡ ಮೇಲೆಯೇ ಸೇರಿಸಬೇಕು. ಶೊರೀಸ್ ಹಸಿ ಮಾಂಸದ್ದು. ಹೊರಗಿನ ಪೊರೆ ಸುಲಿದು, ಎಣ್ಣೆಯಿಲ್ಲದ ಬಾಣಲೆಯಲ್ಲಿ ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ನೀರು ಇಂಗಿ ಕೆಂಪು ಕೊಬ್ಬು ಬಿಟ್ಟಾಗ ಈರುಳ್ಳಿ ಹಾಕಿ ಬಾಡಿಸಿ, ಬೆಂದ ಕಾಳು ಕೂಡಿಸಿ ಹತ್ತು ನಿಮಿಷ ಕುದಿಸಿ. ಮೇಲೆ ವಿನೆಗರ್ ಬೇಡ.

ಕೆಟ್ಟಾಗ ಏನು ಮಾಡುವುದು

ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಬೇಡಿ. ಅದು ಉಪ್ಪುನೀರನ್ನು ಹೀರುತ್ತದೆಯೇ ಹೊರತು ಉಪ್ಪನ್ನು ಮಾತ್ರ ಆರಿಸಿ ತೆಗೆಯುವುದಿಲ್ಲ. ಉಳಿದ ರಸ ಮೊದಲಿನಷ್ಟೇ ಉಪ್ಪಾಗಿರುತ್ತದೆ. ಮೂರನೇ ಒಂದು ಭಾಗ ರಸ ತೆಗೆದು ಅಷ್ಟೇ ಬಿಸಿ ನೀರು ಹಾಕಿ, ಅಥವಾ ಉಪ್ಪಿಲ್ಲದೆ ಬೇಯಿಸಿದ ಇನ್ನೊಂದು ಹಿಡಿ ಕಾಳು ಬೆರೆಸಿ.

ಒಂದು ಗಂಟೆ ಕಳೆದರೂ ಕಾಳು ಗಟ್ಟಿಯಿದ್ದರೆ ಮೊದಲು ಹುಳಿ ಬಿದ್ದಿದೆಯೇ ಎಂದು ನೋಡಿ. ಇಲ್ಲವಾದರೆ ಕಾಳು ಹಳೆಯದು ಅಥವಾ ನೀರು ಗಡಸು. ಮಾಂಸ ಹಾಕುವ ಮುಂಚೆಯಾಗಿದ್ದರೆ ಒಂದು ಚಿಟಿಕೆ ಸೋಡಾ ಹಾಕಿ ಹತ್ತು ನಿಮಿಷ ನೋಡಿ. ಕಾಳು ಕರಗಿಹೋದರೆ ಅದನ್ನೇ ಕಡೆದು ಸೂಪ್ ಮಾಡಿ, ಹ್ಯಾಮ್ ಚೂರು ಹುರಿದು ಮೇಲೆ ಹಾಕಿ. ಈ ಸೂಪ್‌ಗೆ ಬೆಳಗಿನ ಪೊದೇರ್ (ಬ್ರೆಡ್ ಮಾರುವವ) ತಂದ ಪೊಯಿ ಬ್ರೆಡ್ ಚೆನ್ನಾಗಿ ಹೊಂದುತ್ತದೆ.

ಅನ್ನದ ಜೊತೆ, ಮತ್ತು ಉಳಿದದ್ದು

ಅಮೆರಿಕದಲ್ಲಿ ಹಾಪಿಂಗ್ ಜಾನ್ ಎಂದು ಕರೆಯುವ ಬಗೆಯಲ್ಲಿ ಅಕ್ಕಿಯನ್ನೂ ಇದೇ ರಸದಲ್ಲಿ ಬೇಯಿಸುತ್ತಾರೆ. ಒಂದು ಕಪ್ ಸೋನಾ ಮಸೂರಿಗೆ ಒಂದೂಮುಕ್ಕಾಲು ಕಪ್ ರಸ, ಬೆಂದು ಬಸಿದ ಕಾಳು ಒಂದೂವರೆ ಕಪ್, ಹ್ಯಾಮ್ ಒಂದು ಹಿಡಿ. ಕುದಿ ಬಂದ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ, ಉರಿ ಆರಿಸಿ ಹತ್ತು ನಿಮಿಷ. ಗೋವೆಯ ಉಕಡೆ ಅಕ್ಕಿಗೆ (ಕುಸುಬಲಕ್ಕಿಗೆ) ಈ ಲೆಕ್ಕ ನಡೆಯದು. ಅದು ಬೇಯುವಷ್ಟರಲ್ಲಿ ಕಾಳು ಹಿಟ್ಟಾಗುತ್ತದೆ. ಉಕಡೆ ಅನ್ನ ಬೇರೆ ಮಾಡಿ ಮೇಲೆ ಕಾಳು ಬಡಿಸಿ.

ಉಳಿದದ್ದನ್ನು ದೊಡ್ಡ ಪಾತ್ರೆಯಲ್ಲೇ ರಾತ್ರಿಯವರೆಗೆ ಒಲೆಯ ಮೇಲೆ ಬಿಡಬೇಡಿ. ಕಾಳು ಮತ್ತು ಮಾಂಸ ಕೂಡಿದ ಅಡುಗೆ ನಮ್ಮ ಸೆಕೆಯಲ್ಲಿ ಬೇಗ ಕೆಡುತ್ತದೆ. ಅಗಲ ತಟ್ಟೆಗಳಿಗೆ ಹಂಚಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮೂರು ದಿನ ಇರುತ್ತದೆ. ಎರಡನೇ ದಿನ ರುಚಿ ಹೆಚ್ಚು, ಆದರೆ ಮುದ್ದೆಯಾಗಿರುತ್ತದೆ, ಅರ್ಧ ಲೋಟ ಬಿಸಿ ನೀರು ಬೆರೆಸಿ ನಡುಭಾಗವೂ ಕುದಿಯುವವರೆಗೆ ಕಾಯಿಸಿ. ಫ್ರೀಜರಿನಲ್ಲಿ ಎರಡು ತಿಂಗಳು ಇಡಬಹುದು. ಡಬ್ಬಿಯನ್ನು ಕಂಠದವರೆಗೆ ತುಂಬದೆ ಎರಡು ಬೆರಳು ಜಾಗ ಬಿಡಿ, ಹೆಪ್ಪುಗಟ್ಟುವಾಗ ರಸ ಉಬ್ಬುತ್ತದೆ. ತೆರೆದ ಹ್ಯಾಮ್ ಪ್ಯಾಕೆಟ್ಟಿನಲ್ಲಿ ಉಳಿದ ಹೋಳುಗಳನ್ನು ಮೂರು ನಾಲ್ಕು ದಿನದೊಳಗೆ ಮುಗಿಸಿ. ಮೈ ಲೋಳೆಯಾಗಿ ಜಾರುತ್ತಿದ್ದರೆ ವಾಸನೆ ಬರದಿದ್ದರೂ ಎಸೆಯಿರಿ.